ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೌಂಟನ್ ಬೈಕ್: ಹೊಸಬರಿಗೆ ಸುಲಭದ ದಾರಿಗಳು

ಸೈಕಲ್ ಹತ್ತುವ ಹೊಸಬರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಅಂತ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ‘ನೆಲ ಹೇಗಿದೆ?’ ಹಳೆಯ ರೈಲು ಹಾದಿಯಲ್ಲಿ 25 ಕಿಲೋಮೀಟರ್ ಹೋಗಿ ಬಂದರೂ ಮಾರನೇ ದಿನ ಆರಾಮಾಗಿ ಆಫೀಸಿಗೆ ಹೋಗಬಹುದು. ಅದೇ ಫೆಬ್ರವರಿಯಲ್ಲಿ ಜೇಡಿಮಣ್ಣಿನ ಹೊಲದ ಅಂಚಿನಲ್ಲಿ 8 ಕಿಲೋಮೀಟರ್ ಹೋದರೆ ಚಕ್ರ ತಿರುಗುವುದೇ ಇಲ್ಲ. ಸೈಕಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಬರಬೇಕಾಗುತ್ತದೆ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್, ಮ್ಯಾಂಚೆಸ್ಟರ್ ಕಡೆ ಕೆಲಸಕ್ಕೆ ಬಂದಿರುವ ನಮ್ಮವರು ವಾರಾಂತ್ಯಕ್ಕೆ ಅಂತ ಸೈಕಲ್ ಕೊಳ್ಳುತ್ತಾರೆ. ಮೊದಲ ಸಲವೇ ತಪ್ಪು ಜಾಗಕ್ಕೆ ಹೋದರೆ ಆ ಸೈಕಲ್ ಆಮೇಲೆ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಹಾಗಾಗಬಾರದು ಅನ್ನುವುದೇ ಈ ಲೇಖನದ ಉದ್ದೇಶ. ಇದರಲ್ಲಿ ಹೇಳುವ ಕ್ರಮ ಸರಳ: ಮೊದಲು ರೈಲು ಹಾದಿ, ಆಮೇಲೆ ಕಾಡಿನ ಹಸಿರು-ನೀಲಿ ದರ್ಜೆಯ ಟ್ರೇಲ್, ಆಮೇಲೆ ಬ್ರೈಡಲ್‌ವೇ, ಅಂದರೆ ಕುದುರೆ-ಸೈಕಲ್ ಹೋಗಬಹುದಾದ ಹೊಲದ ದಾರಿ. ಈ ಕ್ರಮ ತಪ್ಪಿಸಬೇಡಿ.

ಮೊದಲ ಹೆಜ್ಜೆ: ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು

ಇಂಗ್ಲೆಂಡಿನಲ್ಲಿ ಹೊಲ-ಗುಡ್ಡಗಳ ನಡುವೆ ಸಾರ್ವಜನಿಕರು ಓಡಾಡುವ ಹಕ್ಕಿರುವ ದಾರಿಗಳು ಹೆಣೆದುಕೊಂಡಿವೆ. ಆದರೆ ಎಲ್ಲ ದಾರಿಯೂ ಸೈಕಲ್ಲಿಗಲ್ಲ. ದಾರಿ ಶುರುವಾಗುವ ಕಡೆ ಮರದ ಕಂಬವೊಂದಿರುತ್ತದೆ. ಅದರ ಮೇಲೆ ಅಂಗೈ ಅಗಲದ ಬಿಲ್ಲೆಯಲ್ಲಿ ಬಾಣದ ಗುರುತು. ಬಾಣ ಹಳದಿ ಇದ್ದರೆ ಅದು ಫುಟ್‌ಪಾತ್, ನಡೆಯುವವರಿಗೆ ಮಾತ್ರ. ನೀಲಿ ಇದ್ದರೆ ಬ್ರೈಡಲ್‌ವೇ, ಅಂದರೆ ನಡೆಯುವವರು, ಕುದುರೆ ಸವಾರರು, ಸೈಕಲ್ ಸವಾರರು ಮೂವರೂ ಹೋಗಬಹುದು. ನೇರಳೆ ಬಣ್ಣದ್ದು ರೆಸ್ಟ್ರಿಕ್ಟೆಡ್ ಬೈವೇ, ಕೆಂಪು ಬಾಣದ್ದು ಮೋಟಾರು ವಾಹನಗಳಿಗೂ ತೆರೆದಿರುವ ಬೈವೇ. ಈ ಎರಡರಲ್ಲೂ ಸೈಕಲ್ ಓಡಿಸಬಹುದು.

ಬ್ರೈಡಲ್‌ವೇಯಲ್ಲಿ ಸೈಕಲ್ ಓಡಿಸುವ ಹಕ್ಕು ನಮಗೆ ಸಿಕ್ಕಿದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ಅದೇ ಕಾಯ್ದೆ ಒಂದು ಷರತ್ತನ್ನೂ ಹಾಕಿದೆ: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರರು ದಾರಿ ಬಿಡಬೇಕು. ಫುಟ್‌ಪಾತ್‌ನಲ್ಲಿ ಸೈಕಲ್ ಓಡಿಸಿದರೆ ಜೈಲೇನೂ ಆಗುವುದಿಲ್ಲ, ಆದರೆ ಅದು ಜಮೀನಿನವರ ಹಕ್ಕನ್ನು ಮೀರಿದಂತೆ. ಅವರು ತಡೆದು ‘ವಾಪಸ್ ಹೋಗಿ’ ಅಂದರೆ ಮರುಮಾತಿಲ್ಲದೆ ಇಳಿದು ಬರಬೇಕು. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ ಇದಕ್ಕಿಂತ ಜಾಸ್ತಿ ಸ್ವಾತಂತ್ರ್ಯವಿದೆ. ಅಲ್ಲಿನ ಗೆಳೆಯರು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ.

ಮನೆಯಲ್ಲೇ ಕೂತು ದಾರಿ ನೋಡಿಕೊಳ್ಳಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಷ್ಟು ಒಳ್ಳೆಯದು ಬೇರೊಂದಿಲ್ಲ. ಕಿತ್ತಳೆ ಬಣ್ಣದ ಹೊದಿಕೆಯ, 1:25,000 ಅಳತೆಯ ನಕ್ಷೆ ಅದು. ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತದೆ. ಅದರಲ್ಲಿ ಹಸಿರು ಸಣ್ಣ ಗೆರೆಗಳ ಸಾಲು ಫುಟ್‌ಪಾತ್, ಹಸಿರು ಉದ್ದ ಗೆರೆಗಳ ಸಾಲು ಬ್ರೈಡಲ್‌ವೇ. ಇದೊಂದು ವ್ಯತ್ಯಾಸ ಕಣ್ಣಿಗೆ ಅಭ್ಯಾಸ ಆಗಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು, ನೆಲದ ಎತ್ತರ ತೋರಿಸುವ ಕಂದು ಬಣ್ಣದ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು ಇದೆ ಅಂತ. ದಾರಿ ಆ ಗೆರೆಗಳನ್ನು ಅಡ್ಡ ದಾಟುತ್ತಿದೆಯೋ, ಅವುಗಳ ಜೊತೆಗೇ ಸಾಗುತ್ತಿದೆಯೋ ನೋಡಿ. ಜೊತೆಗೆ ಸಾಗುವ ದಾರಿ ಹೊಸಬರಿಗೆ. ದಾರಿ ತೋರಿಸುವ ಬೇರೆ ಆ್ಯಪ್‌ಗಳು ಕೆಲವೊಮ್ಮೆ ಫುಟ್‌ಪಾತ್ ಮೇಲೂ ಸೈಕಲ್ ಹತ್ತಿಸಿಬಿಡುತ್ತವೆ. ಹೊರಡುವ ಮುಂಚೆ ಈ ನಕ್ಷೆಯ ಜೊತೆ ಒಮ್ಮೆ ತಾಳೆ ನೋಡಿ.

ಎರಡನೇ ಹೆಜ್ಜೆ: ರೈಲು ಹೋದ ಮೇಲೆ ಉಳಿದ ಹಾದಿ

ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಬಹಳಷ್ಟು ರೈಲು ಮಾರ್ಗಗಳನ್ನು ಮುಚ್ಚಿದರು. ಹಳಿ ಕಿತ್ತ ಮೇಲೆ ಉಳಿದ ಹಾದಿಗಳಲ್ಲಿ ಕೆಲವು ಈಗ ಸೈಕಲ್ ದಾರಿಗಳು. ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಎಂಜಿನಿಯರ್‌ಗಳು ಗುಡ್ಡ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಹಾದಿಯನ್ನು ಆದಷ್ಟೂ ಮಟ್ಟ ಮಾಡಿದ್ದರು. ಅವರು ಪಟ್ಟ ಕಷ್ಟದ ಲಾಭ ಈಗ ನಮ್ಮ ಮೊಣಕಾಲಿಗೆ.

ಮೊದಲ ಸವಾರಿಗೆ ನಾನು ಹೇಳುವುದು ಡರ್ಬಿಶೈರ್‌ನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿರುವ ಮಾನ್ಸಲ್ ಟ್ರೇಲ್. ಬೇಕ್‌ವೆಲ್ ಊರಿನ ಹತ್ತಿರದಿಂದ ಚೀ ಡೇಲ್‌ನ ಬ್ಲ್ಯಾಕ್‌ವೆಲ್ ಮಿಲ್‌ವರೆಗೆ ಎಂಟೂವರೆ ಮೈಲಿ, ಅಂದರೆ ಸುಮಾರು 14 ಕಿಲೋಮೀಟರ್. ಮಾರ್ಗ ಮುಚ್ಚಿದ್ದು 1968ರಲ್ಲಿ. ಮಧ್ಯದ ಸುರಂಗಗಳು ಬಂದಾಗಿದ್ದರಿಂದ ಬಹಳ ಕಾಲ ಪೂರ್ತಿ ಹಾದಿಯಲ್ಲಿ ಹೋಗಲು ಆಗುತ್ತಿರಲಿಲ್ಲ. 2011ರಲ್ಲಿ ಸುರಂಗಗಳನ್ನು ತೆರೆದರು. ಹೆಡ್‌ಸ್ಟೋನ್, ಕ್ರೆಸ್‌ಬ್ರೂಕ್, ಲಿಟನ್ ಸುರಂಗಗಳು ಒಂದೊಂದೂ ಸುಮಾರು 400 ಮೀಟರ್ ಉದ್ದ. ಒಳಗೆ ಹಗಲಿಡೀ ದೀಪ ಇರುತ್ತದೆ. ಜುಲೈ ಬಿಸಿಲಿನಲ್ಲೂ ಒಳಗೆ ಹೋದ ಕೂಡಲೇ ಮೈ ಜುಮ್ಮೆನ್ನುವಷ್ಟು ತಂಪು, ಕಮಾನಿನಿಂದ ತೊಟ್ಟಿಕ್ಕುವ ನೀರು, ಮುಂದೆ ಹೋಗುವ ಮಕ್ಕಳ ಕೂಗು ಗೋಡೆಗೆ ಬಡಿದು ವಾಪಸ್ ಬರುವ ಸದ್ದು. ತಂಪು ಕನ್ನಡಕ ಹಾಕಿದ್ದರೆ ಒಳಗೆ ಹೋಗುವ ಮುಂಚೆಯೇ ತೆಗೆಯಿರಿ, ಇಲ್ಲದಿದ್ದರೆ ಒಂದೆರಡು ಗಳಿಗೆ ಏನೂ ಕಾಣುವುದಿಲ್ಲ.

ಹೆಡ್‌ಸ್ಟೋನ್ ಸುರಂಗದಿಂದ ಹೊರಬಿದ್ದ ತಕ್ಷಣ ನೀವು ನಿಂತಿರುವುದು ವೈ ನದಿಯ ಕಣಿವೆಯ ಮೇಲಿನ ಕಲ್ಲಿನ ಸೇತುವೆಯ ಮೇಲೆ. ಈ ಸೇತುವೆ ಕಟ್ಟಿದ ಮೇಲೆ ಕಣಿವೆಯ ಚೆಲುವು ಹಾಳಾಯಿತು ಅಂತ ಹತ್ತೊಂಬತ್ತನೇ ಶತಮಾನದ ಬರಹಗಾರ ಜಾನ್ ರಸ್ಕಿನ್ ಕೆಂಡ ಕಾರಿದ್ದರು. ಈಗ ಅದೇ ಸೇತುವೆಯ ಫೋಟೊ ತೆಗೆಯಲು ಜನ ದೂರದಿಂದ ಬರುತ್ತಾರೆ, ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಸೇರಿಸಿದ್ದಾರೆ.

ಹೇಗೆ ಹೋಗಬೇಕು ಅಂದರೆ, ಬೇಕ್‌ವೆಲ್ ಹತ್ತಿರದ ಹಳೆಯ ಹ್ಯಾಸಪ್ ಸ್ಟೇಷನ್ನಿನಿಂದ ಶುರು ಮಾಡಿ. ಅಲ್ಲಿ ಕೆಫೆ ಇದೆ, ಸೈಕಲ್ ಬಾಡಿಗೆಗೂ ಸಿಗುತ್ತದೆ. ಸ್ವಂತ ಸೈಕಲ್ ಇಲ್ಲದವರು ಬಾಡಿಗೆ ಸೈಕಲ್ಲಿನಲ್ಲೇ ಒಂದು ಸಲ ಹೋಗಿ ಬರುವುದು ಜಾಣತನ. ಕೊಳ್ಳುವ ಯೋಚನೆ ಆಮೇಲೆ ಮಾಡಿದರಾಯಿತು. ಹೋಗುವಾಗ ಪಶ್ಚಿಮಕ್ಕೆ ಸಣ್ಣ ಏರು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಬರುವಾಗ ಅದೇ ಇಳಿಜಾರು ನಿಮ್ಮ ಪಾಲಿಗೆ. ಬ್ಲ್ಯಾಕ್‌ವೆಲ್ ಮಿಲ್‌ನಿಂದ ಮುಂದೆ ಬಕ್ಸ್‌ಟನ್ ಕಡೆಗೆ ಮುಖ್ಯರಸ್ತೆಯಲ್ಲಿ ಲಾರಿಗಳ ಓಡಾಟ ಜಾಸ್ತಿ. ಅಲ್ಲಿಂದಲೇ ಹಿಂದಿರುಗಿ.

ಎರಡನೇ ಸಲಕ್ಕೆ ಟಿಸಿಂಗ್ಟನ್ ಟ್ರೇಲ್. ಆಶ್‌ಬೋರ್ನ್‌ನಿಂದ ಪಾರ್ಸ್ಲಿ ಹೇವರೆಗೆ 13 ಮೈಲಿ, ಸುಮಾರು 21 ಕಿಲೋಮೀಟರ್. ಆಶ್‌ಬೋರ್ನ್‌ನಿಂದಲೇ ಹೊರಡಿ. ಹೋಗುವಾಗ ನಿಧಾನವಾಗಿ ಏರು, ಬರುವಾಗ ಇಳಿಕೆ. ಸುಸ್ತಾದ ಮೇಲೆ ಮನೆ ಕಡೆ ಇಳಿಜಾರು ಇದ್ದರೆ ಅದಕ್ಕಿಂತ ದೊಡ್ಡ ಸುಖವಿಲ್ಲ. ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಬೆಂಟ್ಲಿ ಹಳ್ಳದ ಹತ್ತಿರ ಹಾದಿ ತಟ್ಟನೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಅಲ್ಲಿದ್ದ ರೈಲು ಸೇತುವೆಯನ್ನು ಕಿತ್ತುಹಾಕಿದ್ದೇ ಇದಕ್ಕೆ ಕಾರಣ. ಮಕ್ಕಳಿದ್ದರೆ ಅಲ್ಲಿ ಇಳಿದು ತಳ್ಳಿಕೊಂಡು ಹೋಗಲಿ. ಪೂರ್ತಿ ಹೋಗಲೇಬೇಕು ಅಂತಿಲ್ಲ. ಟಿಸಿಂಗ್ಟನ್ ಹಳ್ಳಿಯವರೆಗೆ ಹೋಗಿ, ಕೆರೆ ಬದಿಯಲ್ಲಿ ಕೂತು, ವಾಪಸ್ ಬಂದರೂ ಚೆನ್ನ. ಈಸ್ಟರ್ ಆಗಿ ಸುಮಾರು ಆರು ವಾರಕ್ಕೆ ಬರುವ ಅಸೆನ್ಷನ್ ಹಬ್ಬದ ಹೊತ್ತಿಗೆ ಆ ಹಳ್ಳಿಯವರು ತಮ್ಮ ಬಾವಿಗಳನ್ನು ಸಿಂಗರಿಸುತ್ತಾರೆ. ಹಲಗೆಯ ಮೇಲೆ ಹಸಿಮಣ್ಣು ಮೆತ್ತಿ, ಅದರೊಳಗೆ ಒಂದೊಂದೇ ಹೂವಿನ ಎಸಳು ಒತ್ತಿ ಚಿತ್ರ ಬಿಡಿಸುತ್ತಾರೆ. ಗಂಗೆಪೂಜೆ ಮಾಡುವ ಮನೆಯಿಂದ ಬಂದವರಿಗೆ ಅದನ್ನು ನೋಡುವ ಖುಷಿಯೇ ಬೇರೆ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಹಳೆಯ ರೈಲು ಹಾದಿಯೂ ಮಟ್ಟವಾಗಿರುವುದಿಲ್ಲ. ಪಾರ್ಸ್ಲಿ ಹೇ ಹತ್ತಿರ ಟಿಸಿಂಗ್ಟನ್ ಟ್ರೇಲ್‌ಗೆ ಕೂಡಿಕೊಳ್ಳುವ ಹೈ ಪೀಕ್ ಟ್ರೇಲ್ 17 ಮೈಲಿ ಉದ್ದದ್ದು. ಅದು ಕ್ರಾಮ್‌ಫರ್ಡ್ ಕಡೆಗೆ ಇಳಿಯುವಾಗ ಬಹಳ ಕಡಿದಾಗುತ್ತದೆ. ರೈಲಿನ ಮೊದಮೊದಲ ದಿನಗಳಲ್ಲಿ, 1830ರ ಆಸುಪಾಸು, ಕಟ್ಟಿದ ಮಾರ್ಗ ಅದು. ವ್ಯಾಗನ್‌ಗಳನ್ನು ಇಳಿಜಾರಿನಲ್ಲಿ ಹಗ್ಗ-ಸರಪಳಿ ಕಟ್ಟಿ, ಮೇಲೆ ನಿಲ್ಲಿಸಿದ ಉಗಿಯಂತ್ರದಿಂದ ಎಳೆಯುತ್ತಿದ್ದರು. ಮಿಡಲ್ಟನ್ ಟಾಪ್‌ನಲ್ಲಿ ಆ ಯಂತ್ರದ ಮನೆ ಇನ್ನೂ ಇದೆ. ಅಲ್ಲಿಂದ ಕೆಳಗಿನ ಇಳಿಜಾರು 8 ಅಡಿಗೆ ಒಂದು ಅಡಿ. ಪಾರ್ಸ್ಲಿ ಹೇ ಸುತ್ತಮುತ್ತಲಿನ ಮಟ್ಟದ ಭಾಗದಲ್ಲಿ ಎಷ್ಟು ಬೇಕಾದರೂ ಓಡಾಡಿ, ಮಿಡಲ್ಟನ್ ಟಾಪ್‌ನಿಂದ ಕೆಳಗೆ ಮಾತ್ರ ಸವಾರಿ ಬೇಡ.

ದಕ್ಷಿಣದವರಿಗೆ ಪೀಕ್ ಡಿಸ್ಟ್ರಿಕ್ಟ್ ದೂರವಾದರೆ ಕಾರ್ನ್‌ವಾಲ್ ಪ್ರವಾಸದಲ್ಲಿ ಕ್ಯಾಮಲ್ ಟ್ರೇಲ್ ಸೇರಿಸಿಕೊಳ್ಳಿ. ವೇಡ್‌ಬ್ರಿಜ್‌ನಿಂದ ಪ್ಯಾಡ್‌ಸ್ಟೋವರೆಗೆ ಸುಮಾರು 9 ಕಿಲೋಮೀಟರ್, ಪೂರ್ತಿ ನದಿಮುಖದ ಪಕ್ಕದಲ್ಲೇ. ಆಗಸ್ಟ್‌ನಲ್ಲಿ ಜನಜಂಗುಳಿ, ಬೆಳಿಗ್ಗೆ ಬೇಗ ಹೋಗಿ.

ಮೂರನೇ ಹೆಜ್ಜೆ: ಕಾಡಿನ ಬಣ್ಣದ ಟ್ರೇಲ್‌ಗಳು

ರೈಲು ಹಾದಿ ಬೇಸರವಾಗತೊಡಗಿದ ಮೇಲೆ ಕಾಡಿಗೆ ಬನ್ನಿ. ಸೈಕಲ್ಲಿಗೆ ಅಂತಲೇ ಮಾಡಿದ ಟ್ರೇಲ್‌ಗಳಿಗೆ ಇಲ್ಲಿ ಬಣ್ಣದ ದರ್ಜೆ ಇದೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಷ್ಟ, ಕಪ್ಪು ಪಳಗಿದವರಿಗೆ ಮಾತ್ರ. ಹಸಿರು ಅಂದರೆ ಅಗಲವಾದ, ಗಟ್ಟಿಯಾದ ಜಲ್ಲಿ ದಾರಿ. ನೀಲಿಯಲ್ಲಿ ದಾರಿ ಒಂದೇ ಸೈಕಲ್ ಹೋಗುವಷ್ಟು ಕಿರಿದಾಗುತ್ತದೆ, ತಿರುವಿನಲ್ಲಿ ಹೊರ ಅಂಚು ಎತ್ತರಿಸಿರುತ್ತಾರೆ, ಸಣ್ಣ ಉಬ್ಬುಗಳಿರುತ್ತವೆ. ಮೌಂಟನ್ ಬೈಕಿನ ನಿಜವಾದ ರುಚಿ ಹತ್ತುವುದು ಇಲ್ಲೇ.

ಲಂಡನ್-ರೆಡಿಂಗ್ ಕಡೆಯವರಿಗೆ ಬ್ರ್ಯಾಕ್‌ನೆಲ್ ಪಕ್ಕದ ಸ್ವಿನ್ಲಿ ಫಾರೆಸ್ಟ್ ಹತ್ತಿರ. ಅಲ್ಲಿ ಹಸಿರು, ನೀಲಿ, ಕೆಂಪು ಮೂರೂ ಇವೆ. ಮಧ್ಯ ಇಂಗ್ಲೆಂಡಿನವರಿಗೆ ಕ್ಯಾನಕ್ ಚೇಸ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್‌ನ ಶರ್ವುಡ್ ಪೈನ್ಸ್. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮೌಂಟನ್ ಬೈಕ್ ಸ್ಪರ್ಧೆ ನಡೆದದ್ದು ಕ್ಯಾನಕ್ ಚೇಸ್‌ನಲ್ಲೇ. ಆ ನೆಪದಲ್ಲಿ ಹೊಸಬರಿಗಾಗಿ ಅಲ್ಲೊಂದು ನೀಲಿ ಟ್ರೇಲ್ ಕೂಡ ಬಂತು. ಪೂರ್ವಕ್ಕೆ ಥೆಟ್‌ಫರ್ಡ್, ಯಾರ್ಕ್‌ಶೈರ್‌ಗೆ ಡಾಲ್ಬಿ. ನ್ಯೂ ಫಾರೆಸ್ಟ್ ಬೇರೆ ಥರ. ಅಲ್ಲಿ ಗುರುತು ಹಾಕಿದ ಜಲ್ಲಿ ದಾರಿಗಳಲ್ಲಿ ಮಾತ್ರ ಸೈಕಲ್‌ಗೆ ಅವಕಾಶ. ದಾರಿಗೆ ಅಡ್ಡ ನಿಂತ ಗಿಡ್ಡ ಕುದುರೆಗಳಿಗೆ (ಪೋನಿ) ತಿನ್ನಲು ಏನನ್ನೂ ಕೊಡಬೇಡಿ, ಮೈ ಸವರಲೂ ಹೋಗಬೇಡಿ.

ನೀಲಿ ಟ್ರೇಲ್‌ನಲ್ಲಿ ಮೂರು ವಿಷಯ ನೆನಪಿರಲಿ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ನಿಲ್ಲಿ, ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ, ಮೊಣಕೈ ಮೊಣಕಾಲು ಸಡಿಲವಾಗಿರಲಿ. ಬ್ರೇಕ್ ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನ ಒಳಗಲ್ಲ. ಮುಂಚಕ್ರದ ಕೆಳಗಿನ ಕಲ್ಲನ್ನೇ ದಿಟ್ಟಿಸಬೇಡಿ, ಕಣ್ಣು ಎಲ್ಲಿರುತ್ತದೋ ಸೈಕಲ್ ಅಲ್ಲಿಗೇ ಹೋಗುತ್ತದೆ. ತುರಹಳ್ಳಿ ಕಾಡಿನಲ್ಲಿ ಸೈಕಲ್ ಓಡಿಸಿದ ಬೆಂಗಳೂರಿನವರಿಗೆ ಇದೆಲ್ಲ ಗೊತ್ತಿರುತ್ತದೆ, ಆದರೆ ಒದ್ದೆ ಬೇರುಗಳು ಹೊಸತು. ಮರದ ಬೇರು ದಾರಿಗೆ ಓರೆಯಾಗಿ ಹಾದಿದ್ದರೆ ಚಕ್ರವನ್ನು ಅದಕ್ಕೆ ನೇರವಾಗಿ ಅಡ್ಡ ಹಾಯಿಸಿ, ಅದರ ಮೇಲೆ ಬ್ರೇಕ್ ಮುಟ್ಟಲೇಬೇಡಿ.

ನಾಲ್ಕನೇ ಹೆಜ್ಜೆ: ಬ್ರೈಡಲ್‌ವೇ, ಮತ್ತು ರಿಜ್‌ವೇ

ಕಾಡಿನ ಟ್ರೇಲ್ ಚೆನ್ನಾಗಿಯೇ ಇರುತ್ತದೆ, ಆದರೆ ಅದು ನಮಗೋಸ್ಕರ ಮಾಡಿಟ್ಟ ಜಾಗ. ಹಳ್ಳಿಗಾಡು ಕಾಣಬೇಕಾದರೆ ಬ್ರೈಡಲ್‌ವೇಗೇ ಬರಬೇಕು. ಗೋಧಿ ಹೊಲ, ಕುರಿ ಮಂದೆ, ಬೇಲಿಯಾಚೆಗೆ ಚರ್ಚಿನ ಗೋಪುರ, ಇದೆಲ್ಲ ಸಿಗುವುದು ಇಲ್ಲಿ. ನೆಲದ ಪ್ರಶ್ನೆ ಗಟ್ಟಿಯಾಗಿ ಎದುರಾಗುವುದೂ ಇಲ್ಲೇ. ಜೇಡಿಮಣ್ಣಿನ ಸೀಮೆಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬ್ರೈಡಲ್‌ವೇ ತಂಟೆಗೆ ಹೋಗಬೇಡಿ. ಕುದುರೆ ಗೊರಸು ತುಳಿದು ಗುಂಡಿ ಬಿದ್ದ ಕೆಸರು ಅದು. ಚಾಕ್ ಅನ್ನುವ ಬಿಳಿ ಸುಣ್ಣಕಲ್ಲಿನ ಸೀಮೆಯ ದಾರಿಯಲ್ಲಿ ಮಳೆನೀರು ಬೇಗ ಇಂಗುತ್ತದೆ. ಆದರೆ ಮಳೆ ಬಂದ ದಿನವೇ ಹೋದರೆ ಆ ಬಿಳಿ ನೆಲ ಸೋಪು ಸವರಿದ ಹಾಗೆ ಜಾರುತ್ತದೆ. ಒಂದೆರಡು ಒಣ ದಿನ ಬಿಟ್ಟು ಹೋಗಿ.

ನನ್ನ ಆಯ್ಕೆ ರಿಜ್‌ವೇ. ದಕ್ಷಿಣ ಇಂಗ್ಲೆಂಡಿನ ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ ಐವಿಂಗೊ ಬೀಕನ್‌ವರೆಗೆ 87 ಮೈಲಿಯ ದಾರಿ ಇದು. ಇದರ ಪಶ್ಚಿಮದ ಅರ್ಧ, ಓವರ್ಟನ್ ಹಿಲ್‌ನಿಂದ ಥೇಮ್ಸ್ ದಂಡೆಯ ಸ್ಟ್ರೀಟ್ಲಿವರೆಗಿನ ಭಾಗ, ಸೈಕಲ್ಲಿಗೆ ಮುಕ್ತ. ಪೂರ್ವದ ಅರ್ಧದಲ್ಲಿ ಫುಟ್‌ಪಾತ್ ಜಾಸ್ತಿ, ಅದನ್ನು ಬಿಟ್ಟುಬಿಡಿ. ಗುಡ್ಡದ ಬೆನ್ನಿನ ಮೇಲೆ ಸಾಗುವುದರಿಂದ ಒಮ್ಮೆ ಮೇಲೆ ಹತ್ತಿದರೆ ಆಮೇಲೆ ದೊಡ್ಡ ಏರು ಕಡಿಮೆ, ಎರಡೂ ಕಡೆ ಬಯಲು.

ಮೊದಲ ಸಲ ಪೂರ್ತಿ ಮುಗಿಸುವ ಹಟ ಬೇಡ. ಅಫಿಂಗ್ಟನ್‌ನ ವೈಟ್ ಹಾರ್ಸ್ ಹಿಲ್ ಹತ್ತಿರ ಕಾರು ನಿಲ್ಲಿಸಿ, ರಿಜ್‌ವೇಗೆ ಬಂದು ಪಶ್ಚಿಮಕ್ಕೆ ತಿರುಗಿ. ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಬಲಕ್ಕೆ ಬೀಚ್ ಮರಗಳ ತೋಪಿನೊಳಗೆ ವೇಲೆಂಡ್ಸ್ ಸ್ಮಿಥಿ ಸಿಗುತ್ತದೆ. ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿ. ಸೈಕಲ್ ಬೇಲಿಗೆ ಒರಗಿಸಿ ಒಳಗೆ ನಡೆದು ಹೋಗಿ. ಮುಂದೆ ಆಶ್‌ಬರಿ ಕಡೆಯ ರಸ್ತೆ ಅಡ್ಡ ಬರುವವರೆಗೆ ಹೋಗಿ ತಿರುಗಿದರೂ ಸಾಕು. ಕಾಲಲ್ಲಿ ಕಸುವಿದ್ದರೆ ರಸ್ತೆ ದಾಟಿ ಇನ್ನೊಂದಷ್ಟು ದೂರ. ವಾಪಸ್ ಬಂದ ಮೇಲೆ ಸೈಕಲ್ಲಿಗೆ ಬೀಗ ಹಾಕಿ, ಗುಡ್ಡದ ಹುಲ್ಲಿನ ಮೇಲೆ ನಡೆದು ಬಿಳಿ ಕುದುರೆಯ ಹತ್ತಿರ ಹೋಗಿ. ಸುಮಾರು 3,000 ವರ್ಷದ ಹಿಂದೆ ಹುಲ್ಲು ಹೆರೆದು ಸುಣ್ಣದ ಪುಡಿ ತುಂಬಿ ಬಿಡಿಸಿದ, 110 ಮೀಟರ್ ಉದ್ದದ ಕುದುರೆ. ಇಷ್ಟು ಕಾಲವೂ ಜನ ತಲೆಮಾರಿನಿಂದ ತಲೆಮಾರಿಗೆ ಹುಲ್ಲು ಕಿತ್ತು, ಸುಣ್ಣ ಬಡಿದು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಅದರ ಮೇಲೆ ಕಾಲಿಡಬೇಡಿ.

ರಿಜ್‌ವೇಯಲ್ಲಿ ಟ್ರ್ಯಾಕ್ಟರ್ ಚಕ್ರದ ಆಳವಾದ ಜಾಡುಗಳಿರುತ್ತವೆ. ಜಾಡಿಗೆ ಇಳಿದರೆ ಅದರಲ್ಲೇ ನೇರ ಹೋಗಿ, ಅರ್ಧದಲ್ಲಿ ಮೇಲೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದರೆ ಬೀಳುತ್ತೀರಿ. ಇದು ಹಿಡಿಸಿದರೆ ಮುಂದೆ ಸೌತ್ ಡೌನ್ಸ್ ವೇ ಇದ್ದೇ ಇದೆ, ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 100 ಮೈಲಿ. ಅದರ ಏರಿಳಿತ ಬಹಳ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಸೈಕಲ್, ಸಾಮಾನು, ಮತ್ತು ಒಂದು ಮುಳ್ಳು

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಈ ಎಲ್ಲ ದಾರಿಗೂ ಧಾರಾಳ ಸಾಕು. ಟೈರ್ ಎರಡು ಇಂಚಿಗಿಂತ ಸ್ವಲ್ಪ ಅಗಲ, ಡಿಸ್ಕ್ ಬ್ರೇಕ್, ನಿಮ್ಮ ಎತ್ತರಕ್ಕೆ ಹೊಂದುವ ಫ್ರೇಮ್, ಇಷ್ಟು ನೋಡಿ. ಎಲೆಕ್ಟ್ರಿಕ್ ಸೈಕಲ್ಲಿನ ಮೋಟಾರು 250 ವ್ಯಾಟ್ ಒಳಗಿದ್ದು, ಪೆಡಲ್ ತುಳಿದರೆ ಮಾತ್ರ ನಡೆದು, ಗಂಟೆಗೆ 15.5 ಮೈಲಿಗೆ ನಿಲ್ಲುವಂತಿದ್ದರೆ ಬ್ರೈಡಲ್‌ವೇಗೆ ಅದೂ ಸಲ್ಲುತ್ತದೆ. ಅಪ್ಪ-ಅಮ್ಮ ಊರಿನಿಂದ ಬಂದಾಗ ಬಾಡಿಗೆಗೆ ಅದನ್ನೇ ತೆಗೆದುಕೊಳ್ಳಿ. ಹೆಲ್ಮೆಟ್ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಆದರೂ ಹಾಕಲೇಬೇಕು.

ಇನ್ನು ಪಂಕ್ಚರ್. ಇಲ್ಲಿನ ಹೊಲದ ಬೇಲಿಗಳಲ್ಲಿ ಹಾಥಾರ್ನ್ ಅನ್ನುವ ಮುಳ್ಳುಗಿಡ ಹೆಚ್ಚು. ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ರೈತರು ಬೇಲಿ ಸವರುವುದಿಲ್ಲ. ಸೆಪ್ಟೆಂಬರ್ ಬಂದ ಕೂಡಲೇ ಟ್ರ್ಯಾಕ್ಟರ್‌ಗೆ ಕತ್ತರಿಸುವ ಯಂತ್ರ ಕಟ್ಟಿ ಸವರಲು ಶುರು. ಆ ಮುಳ್ಳುಕಡ್ಡಿಗಳೆಲ್ಲ ದಾರಿಗೇ ಬೀಳುತ್ತವೆ. ಹಾಗಾಗಿ ಶರತ್ಕಾಲದಲ್ಲಿ ಒಂದಲ್ಲ, ಎರಡು ಟ್ಯೂಬ್ ಇಟ್ಟುಕೊಳ್ಳಿ. ಟ್ಯೂಬ್ ಬದಲಿಸುವಾಗ ಆತುರ ಮಾಡಬೇಡಿ. ಟೈರಿನ ಒಳಭಾಗಕ್ಕೆ ಬಟ್ಟೆ ಹಿಡಿದು ಸುತ್ತಲೂ ಮೆಲ್ಲಗೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ತುದಿ ಇದೆ. ಹೊರಗಿನಿಂದ ನೋಡಿದರೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಅದನ್ನು ಉಗುರಿನಿಂದಲೋ ಚೂಪಾದ ಉಪಕರಣದಿಂದಲೋ ಕೀಳದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷದಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಪಂಪ್, ಟೈರ್ ಲಿವರ್, ಅಲೆನ್ ಕೀ ಇರುವ ಮಲ್ಟಿಟೂಲ್ ಕೂಡ ಚೀಲದಲ್ಲಿರಲಿ.

ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮಳೆ ಜಾಕೆಟ್ ಜೂನ್‌ನಲ್ಲೂ ಬೇಕು. ಬುತ್ತಿ ಕಟ್ಟಿಕೊಳ್ಳಿ: ಚಪಾತಿಗೆ ತುಪ್ಪ-ಚಟ್ನಿಪುಡಿ ಸವರಿ ಸುತ್ತಿಟ್ಟರೆ ಸೈಕಲ್ ಮೇಲೆ ಅದಕ್ಕಿಂತ ಅನುಕೂಲದ ಊಟವಿಲ್ಲ. ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನದ ಅಡುಗೆ ಬೇಗ ಮುಗಿಯುತ್ತದೆ, ಕೆಫೆಗಳೂ ಸಂಜೆಗೆ ಮುಂಚೆಯೇ ಬಾಗಿಲು ಹಾಕುತ್ತವೆ.

ದಾರಿಯಲ್ಲಿ ಸಿಗುವವರು

ಕುದುರೆ ಕಂಡರೆ ವೇಗ ಇಳಿಸಿ. ಹಿಂದಿನಿಂದ ಬರುತ್ತಿದ್ದರೆ ದೂರದಿಂದಲೇ ಸಮಾಧಾನದ ದನಿಯಲ್ಲಿ ‘ಹಲೋ’ ಅನ್ನಿ. ತಟ್ಟನೆ ಬೆಲ್ ಬಾರಿಸಿದರೆ ಕುದುರೆ ಬೆದರಬಹುದು, ಮನುಷ್ಯರ ದನಿಗೆ ಅದು ಒಗ್ಗಿರುತ್ತದೆ. ಸವಾರರು ‘ಬನ್ನಿ’ ಅಂದ ಮೇಲೆ ಎರಡು ಮೀಟರ್ ಜಾಗ ಬಿಟ್ಟು ನಿಧಾನವಾಗಿ ದಾಟಿ. ಒಂದು ‘ಥ್ಯಾಂಕ್ ಯೂ’ ಹೇಳಿ.

ಹಸುಗಳ ವಿಷಯದಲ್ಲಿ ನಮ್ಮವರಿಗೆ ಸಲಿಗೆ ಜಾಸ್ತಿ. ನಮ್ಮೂರ ಬೀದಿಯ ಹಸುಗಳಿಗೆ ಜನ ಹೊಸಬರಲ್ಲ. ಇಲ್ಲಿ ಬಯಲಿನಲ್ಲಿ ಕರುವಿನ ಜೊತೆ ಇರುವ ಹಸು ಹಾಗಲ್ಲ, ನುಗ್ಗಿ ಬರಬಹುದು. ಸೈಕಲ್ ಇಳಿದು, ಹಸುವಿಗೂ ಕರುವಿಗೂ ನಡುವೆ ಹೋಗದೆ, ದೂರದಿಂದ ಸುತ್ತುಹಾಕಿ. ಗೇಟುಗಳನ್ನು ನೀವು ಬರುವಾಗ ಹೇಗಿದ್ದವೋ ಹಾಗೇ ಬಿಡಿ. ಮುಚ್ಚಿದ್ದರೆ ಚಿಲಕ ಬಿದ್ದಿದೆಯೇ ಅಂತ ಅಲ್ಲಾಡಿಸಿ ನೋಡಿ ಹೊರಡಿ.

ಹೊರಡುವ ದಿನ, ಮನೆಗೆ ಬಂದ ಮೇಲೆ

ರೈಲಿನಲ್ಲಿ ಸೈಕಲ್ ಒಯ್ಯುವುದಾದರೆ ಮುಂಚೆಯೇ ನಿಯಮ ನೋಡಿ. ಕೆಲವು ದೂರದ ರೈಲುಗಳಲ್ಲಿ ಸೈಕಲ್ಲಿಗೂ ಜಾಗ ಕಾಯ್ದಿರಿಸಬೇಕು, ಆಫೀಸಿನ ಹೊತ್ತಿನಲ್ಲಿ ಹಲವು ಕಡೆ ಬಿಡುವುದೇ ಇಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಚಳಿಗಾಲದಲ್ಲಿ ಬೆಳಿಗ್ಗೆಯೇ ಹೊರಟು ಮಧ್ಯಾಹ್ನ ಎರಡೂವರೆಗೆ ದಾರಿ ಮುಗಿಯುವ ಹಾಗೆ ನೋಡಿಕೊಳ್ಳಿ, ಆದರೂ ಲೈಟ್ ಇರಲಿ.

ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಫೋನಿನಿಂದ ‘ರಿಜಿಸ್ಟರ್’ ಅನ್ನುವ ಇಂಗ್ಲಿಷ್ ಪದವನ್ನು 999ಕ್ಕೆ ಮೆಸೇಜ್ ಮಾಡಿ, ಬರುವ ಉತ್ತರದಲ್ಲಿ ಹೇಳಿದಂತೆ ಮಾಡಿದರೆ, ಕರೆ ಹೋಗದ ಜಾಗದಿಂದಲೂ ಮೆಸೇಜ್ ಮೂಲಕ ತುರ್ತು ಸಹಾಯ ಕೇಳಬಹುದು. ಮನೆಯಲ್ಲಿರುವವರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೊರಡಿ.

ಬಂದ ಮೇಲೆ ಕೆಸರು ಒಣಗುವ ಮುಂಚೆ ಸೈಕಲ್ ತೊಳೆಯಿರಿ, ಆದರೆ ಜೋರಾದ ಪೈಪ್ ನೀರನ್ನು ಚಕ್ರದ ನಡುವಿಗೆ ಹೊಡೆಯಬೇಡಿ, ಬೇರಿಂಗ್‌ನ ಗ್ರೀಸ್ ಹೋಗುತ್ತದೆ. ಚೈನ್ ಒರೆಸಿ ಎಣ್ಣೆ ಬಿಡಿ. ಬೇಸಿಗೆಯಲ್ಲಿ ಎತ್ತರದ ಹುಲ್ಲಿನೊಳಗೆ ಹೋಗಿ ಬಂದಿದ್ದರೆ ಮೊಣಕಾಲಿನ ಹಿಂಭಾಗ, ಸೊಂಟ, ಕಂಕುಳಲ್ಲಿ ಉಣ್ಣೆ (ರಕ್ತ ಹೀರುವ ಟಿಕ್ ಹುಳು) ಕಚ್ಚಿದೆಯೇ ನೋಡಿ. ಕಚ್ಚಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಇಲ್ಲಿನ ಕೆಲವು ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಚರ್ಮದ ಬಣ್ಣ ಬದಲಾಗಿ ಹರಡುತ್ತಾ ಹೋದರೆ, ಅಥವಾ ಜ್ವರ ಬಂದರೆ, ತಡ ಮಾಡದೆ ನಿಮ್ಮ ಜಿಪಿಗೆ, ಅಂದರೆ ಕುಟುಂಬ ವೈದ್ಯರಿಗೆ, ತೋರಿಸಿ, ಉಣ್ಣೆ ಕಚ್ಚಿದ್ದನ್ನೂ ಹೇಳಿ.